ಮರಿಯಯ್ಯನ ಕೆಂಪು ಬಲ್ಬು

ಕತ್ತಲೆ ಮಾಡುವುದೂ ಒಂದು ವಿದ್ಯೆ. ಹೀಗೆಂದರೆ ಜನ ನಗುತ್ತಾರೆ. ಸ್ವಿಚ್ ಆರಿಸಿದರೆ ಕತ್ತಲೆ, ಅದರಲ್ಲೇನು ವಿದ್ಯೆ ಅನ್ನುತ್ತಾರೆ. ಸರಸ್ವತಿಪುರಂನಲ್ಲಿ ಸದಾಶಿವಯ್ಯನವರ ಫೋಟೋ ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಇಪ್ಪತ್ತೆಂಟು ವರ್ಷ ನಿಂತವನು ನಾನು, ಮರಿಯಯ್ಯ. ನನ್ನ ಮುಂದೆ ಆ ಮಾತು ಬೇಡ. ಬಾಗಿಲ ಕೆಳಗಿನ ಕೂದಲೆಳೆಯಷ್ಟು ಸಂದಿಯಿಂದ ಬಂದ ಬೆಳಕು ಒಂದು ಮದುವೆಯ ಅಷ್ಟೂ ಫೋಟೋಗಳನ್ನು ಮಂಕು ಮಾಡಿಬಿಡುತ್ತದೆ. ನನ್ನ ಕೈಯಲ್ಲಿ ಹಾಗೆ ಕೆಟ್ಟ ಮದುವೆ ಒಂದೂ ಇಲ್ಲ. ಜಂಬ ಅನ್ನಿಸಿದರೆ ಅನ್ನಿಸಲಿ.

ಮೈಸೂರಿನ ಎಷ್ಟೋ ಮನೆಗಳ ಗೋಡೆಯ ಮೇಲೆ ನಾನು ತೊಳೆದ ಫೋಟೋಗಳಿವೆ. ತಿರುಗಿಸಿ ನೋಡಿದರೆ ಹಿಂದೆ ನೇರಳೆ ಬಣ್ಣದ ಸೀಲು, ಅದರಲ್ಲಿ ಸದಾಶಿವಯ್ಯನವರ ಹೆಸರು. ಒಳಗೆ ಫೋಟೋ ತೊಳೆಯುವ ಹೈಪೋ ದ್ರಾವಣದ ವಾಸನೆ ಕುಡಿದುಕೊಂಡು ನಿಂತವನ ಹೆಸರು ಎಲ್ಲಿಯೂ ಇಲ್ಲ. ಅದು ಆ ಕಸುಬಿನ ಪದ್ಧತಿ, ಯಾರ ತಪ್ಪೂ ಅಲ್ಲ. ಆದರೆ ನನಗೆ ಅದರಿಂದ ಬೇಜಾರಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಡಿಜಿಟಲ್ ಬಂತು, ಸ್ಟುಡಿಯೋ ಮುಚ್ಚಿತು. ನಾನು ಅದೇ ರಸ್ತೆಯ ಒಂದು ಜೆರಾಕ್ಸ್ ಅಂಗಡಿ ಸೇರಿಕೊಂಡೆ. ಡಾರ್ಕ್‌ರೂಮಿನ ಸಾಮಾನನ್ನು ಒಂದು ಟ್ರಂಕಿನಲ್ಲಿ ತುಂಬಿ ಬೋಗಾದಿಯ ನಮ್ಮ ಮನೆಯ ಅಟ್ಟದ ಮೇಲೆ ಇಟ್ಟೆ. ಸೊಳ್ಳೆಬತ್ತಿ ಹುಡುಕುವಾಗಲೆಲ್ಲ ಆ ಟ್ರಂಕು ಕೈಗೆ ಅಡ್ಡ ಬಂದು, ನನ್ನ ಹೆಂಡತಿ ಸಿದ್ದಲಿಂಗಮ್ಮ ಅದಕ್ಕೂ ನನಗೂ ಒಟ್ಟಿಗೇ ಬೈಯುತ್ತಿದ್ದಳು.

ನಮಗೆ ಒಬ್ಬಳೇ ಮಗಳು, ಸಂಘಮಿತ್ರ. ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲ ಹೆಣ್ಣು, ಎಂಎಸ್ಸಿ ಮಾಡಿದ ಮೊದಲ ಆಳು. ಈಗ ಊರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಐದನೇ ವರ್ಷದ ಪಿಎಚ್‌ಡಿ. ಬೆಳಕಿನಿಂದ ಕ್ಯಾನ್ಸರ್ ವಾಸಿ ಮಾಡುವ ವಿಷಯ. ಅದನ್ನು ಅವಳು ಒಂದು ಭಾನುವಾರ ನಮ್ಮಿಬ್ಬರಿಗೂ ಅವರೆಕಾಳು ಹಿಸುಕುತ್ತ ತಿಳಿಸಿ ಹೇಳಿದ್ದಳು.

"ಒಂದು ಔಷಧ ಇದೆ ಕಣಮ್ಮ. ಚುಚ್ಚಿದ್ರೆ ಮೈಯೆಲ್ಲ ಓಡಾಡಿ ಕೊನೆಗೆ ಗಡ್ಡೆಯಲ್ಲಿ ಜಾಸ್ತಿ ನಿಂತ್ಕೊಳತ್ತೆ. ಕತ್ತಲೇಲಿದ್ರೆ ಏನೂ ಮಾಡಲ್ಲ, ನಿದ್ದೆ. ಬೆಳಕು ಬಿತ್ತು ಅನ್ನು, ಎದ್ಬುಟ್ಟು ಬಿದ್ದ ಜಾಗದಲ್ಲಿರೋ ಗಡ್ಡೇನ ಸುಟ್ಟಾಕತ್ತೆ."

"ಬೆಳಕು ಬೀಳದೇ ಇರೋ ಕಡೆ ಇನ್ನೊಂದು ಗಡ್ಡೆ ಇದ್ರೆ?" ಎಂದು ಕೇಳಿದಳು ಸಿದ್ದಲಿಂಗಮ್ಮ. ಅವಳು ಓದಿದ್ದು ನಾಲ್ಕನೇ ಕ್ಲಾಸು, ಪ್ರಶ್ನೆ ಮಾತ್ರ ಹೆಡ್‌ಮೇಷ್ಟ್ರದ್ದು.

ಸಂಘಮಿತ್ರಳ ಮುಖ ಅರಳಿತು. "ಅದೇ ನನ್ನ ಕೆಲ್ಸ! ಬೆಳಕಿಗೆ ಸಿಕ್ಕಿ ಸಾಯೋ ಗಡ್ಡೆ ಸುಮ್ನೆ ಸಾಯಲ್ಲ, ಕೂಗಾಡ್ಕೊಂಡು ಸಾಯತ್ತೆ. ಆ ಗಲಾಟೆಗೆ ಮೈ ಕಾಯೋ ಕಣಗಳು ಓಡಿ ಬರ್ತವೆ. ಅದುವರ್ಗೂ ಕ್ಯಾನ್ಸರು ಮನೆಯವನ ವೇಷ ಹಾಕ್ಕೊಂಡು ಅವುಗಳ ಕಣ್ಣು ತಪ್ಪಿಸಿರತ್ತೆ. ಈಗ ಸತ್ತದ್ದರ ಚೂರು ಸಿಕ್ತಲ್ಲ, ಅದನ್ನ ಎತ್ಕೊಂಡೋಗಿ ಉಳಿದ ಸೈನ್ಯಕ್ಕೆ ತೋರಿಸ್ತವೆ. ಇವನೇ ಕಳ್ಳ, ಎಲ್ಲಿ ಕಂಡ್ರೂ ಹಿಡೀರಿ ಅಂತ."

"ಪೊಲೀಸ್ ಸ್ಟೇಷನ್ನಲ್ಲಿ ಕಳ್ಳರ ಫೋಟೋ ಹಾಕಿರ್ತಾರಲ್ಲ, ಅಂಗೆ" ಎಂದೆ ನಾನು. ಆ ಫೋಟೋಗಳನ್ನು ಸ್ಟೇಷನ್ನಿಗೆ ತೊಳೆದುಕೊಡುತ್ತಿದ್ದವನೂ ನಾನೇ.

"ಸರಿಯಾಗಿ ಹೇಳ್ದೆ ಅಪ್ಪ! ಬಲಗಡೆ ಗಡ್ಡೆಗೆ ಬೆಳಕು ಬಿಟ್ರೆ, ಎಡಗಡೆ ಗಡ್ಡೇನ ಮೈಯೇ ಹುಡುಕ್ಕೊಂಡೋಗಿ ಹೊಡೀಬೇಕು. ಎರಡೂ ಕಡೆ ಗಡ್ಡೆ ಬೆಳೆಸಿರೋ ಇಲಿಗಳಲ್ಲಿ ಅದನ್ನ ತೋರಿಸ್ತೀನಿ."

ಆಮೇಲೆ ಅವಳು ಹೇಳಿದ ಮಾತಿಗೆ ನನ್ನ ಎದೆ ಒಂದು ಇಂಚು ಅಗಲವಾಯಿತು. ಔಷಧ ಚುಚ್ಚಿದ ಇಲಿಗಳನ್ನು ಕೆಲವು ದಿನ ಪೂರಾ ಕತ್ತಲೆಯಲ್ಲಿ ಇಡಬೇಕಂತೆ. ಕೇಂದ್ರದವರು ಕೊಟ್ಟ ಹಳೆಯ ಸ್ಟೋರ್ ರೂಮಿನಲ್ಲಿ ಎಲ್ಲಿಂದಲೋ ಬೆಳಕು ನುಸುಳುತ್ತದಂತೆ. "ಸೌಮ್ಯ ಮೇಡಂ ಹತ್ರ ಪರ್ಮಿಷನ್ ತಗೊಂಡಿದೀನಿ. ನೀನು ಬಂದು ಕತ್ತಲೆ ಮಾಡ್ಕೊಡ್ತೀಯಾ ಅಪ್ಪ?" ಸೌಮ್ಯ ಮೇಡಂ ಎಂದರೆ ಅವಳ ಗೈಡು.

ಮಾರನೆಯ ದಿನವೇ ಟ್ರಂಕು ಕೆಳಗಿಳಿಯಿತು. ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಹೊರಟವನನ್ನು ಕಂಡು ಸಿದ್ದಲಿಂಗಮ್ಮ ನಕ್ಕಳು. "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡುದ್ನಂತೆ. ಕತ್ಲೆ ಮಾಡೋಕೂ ಇಸ್ತ್ರಿ ಬೇಕಾ?"

ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ಕೂತೆ. ಅದೇ ವಿದ್ಯೆ. ಹೋದ ತಕ್ಷಣ ಎಲ್ಲ ಕೋಣೆಯೂ ಕತ್ತಲೆಯೇ. ಕಣ್ಣು ಪಳಗಿದ ಮೇಲೆ ಒಂದೊಂದೇ ತೂತು ಕಾಣಿಸಿಕೊಳ್ಳುತ್ತದೆ. ಕಿಟಕಿಯ ಚೌಕಟ್ಟು, ವೈರು ಬರುವ ಕಂಡಿ, ಬೀಗದ ರಂಧ್ರ, ಎಲ್ಲ ಸೇರಿ ಹದಿನೇಳು ಸಿಕ್ಕವು. ಹದಿನೇಳನ್ನೂ ಮುಚ್ಚಿ, ಬಾಗಿಲಿಗೆ ಎರಡು ಪದರ ಕಪ್ಪು ಬಟ್ಟೆ ಇಳಿಬಿಟ್ಟೆ. ಸಂಘಮಿತ್ರ ಒಳಗೆ ಹೋಗಿ ನಿಂತು, ಕತ್ತಲೆಯೊಳಗಿಂದಲೇ "ಅಪ್ಪ, ನನ್ನ ಕೈ ನನಗೇ ಕಾಣ್ತಿಲ್ಲ" ಎಂದು ಕೂಗಿದಳು. ಹಿಂದೆ ಮದುವೆ ಆಲ್ಬಮ್ಮುಗಳನ್ನು ಎಷ್ಟು ಜನ ಹೊಗಳಿದ್ದರೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಅಲ್ಲಿಗೆ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದಾಗ ಇಲಿಗಳಿಗೆ ನೀರು ಮೇವು ಹಾಕುವ ಜವರಪ್ಪ ತಲೆ ಕೆರೆದುಕೊಂಡು ನಿಂತಿದ್ದ. "ಮರಿಯಣ್ಣ, ಈ ಕತ್ಲೇಲಿ ನಾನು ಬಾಟ್ಲಿ ತುಂಬ್ಸೋದೆಂಗೆ? ಬೋನು ತೊಳ್ಯೋದೆಂಗೆ?"

"ಅಷ್ಟೇನಾ? ತಾಳು" ಎಂದೆ. ಟ್ರಂಕಿನಲ್ಲಿ ಕೆಂಪು ಬಲ್ಬು ಇತ್ತು. ಡಾರ್ಕ್‌ರೂಮಿನಲ್ಲಿ ಕೆಂಪು ಎಂದರೆ ಬೆಳಕೇ ಅಲ್ಲ. ಫೋಟೋ ಕಾಗದಕ್ಕೆ ಕೆಂಪು ಕಾಣುವುದಿಲ್ಲ, ಅದರ ಕೆಳಗೆ ದಿನಪೂರ್ತಿ ಕೆಲಸ ಮಾಡಬಹುದು. ಕಪಾಟಿನ ಹಿಂದಿನ ಮೂಲೆಯಲ್ಲಿ ಅದನ್ನು ನೇತುಹಾಕಿ, "ಎಷ್ಟೊತ್ತು ಬೇಕಾದ್ರೂ ಹಚ್ಕೊ, ಏನೂ ಆಗಲ್ಲ" ಎಂದೆ. ಜವರಪ್ಪನೂ ತಲೆಯಾಡಿಸಿದ. "ಇಲಿಗೂ ಕೆಂಪು ಕಾಣಾಕಿಲ್ಲ ಬುಡಣ್ಣ. ನಮ್ ಇಲಿ ಮನೆಗಳಲ್ಲೆಲ್ಲ ಅದೇ ಇರಾದು." ಅವನದು ಇಪ್ಪತ್ತು ವರ್ಷದ ಅನುಭವ, ನನ್ನದು ಇಪ್ಪತ್ತೆಂಟು. ನಲವತ್ತೆಂಟು ವರ್ಷದ ಅನುಭವ ಒಟ್ಟಿಗೆ ಸೇರಿದರೆ ಯಾರನ್ನು ಕೇಳಬೇಕು? ಮಗಳಿಗೆ ಹೇಳಬೇಕೆಂದೂ ಅನ್ನಿಸಲಿಲ್ಲ. ಯಾವ ಬೆಳಕಿಗೆ ಔಷಧ ಏಳುತ್ತದೆ ಎಂದು ಒಂದು ಮಾತು ಕೇಳಲೂ ಇಲ್ಲ.

ಎರಡು ತಿಂಗಳಾದ ಮೇಲೆ ಒಂದು ಸಂಜೆ ಸಂಘಮಿತ್ರ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕೂತಳು. ಕಣ್ಣು ಕೆಂಪಗಿದ್ದವು.

ಸಂಗತಿ ಇಷ್ಟು. ಬೆಳಕು ಬಿಟ್ಟ ಇಲಿಗಳಲ್ಲಿ ಬಲಗಡೆಯ ಗಡ್ಡೆ ಸುಟ್ಟುಹೋಗಿತ್ತು, ಎಡಗಡೆಯದೂ ಸಣ್ಣಗಾಗಿತ್ತು. ಅಷ್ಟಕ್ಕೆ ಕುಣಿದಾಡಬೇಕಿತ್ತು. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇಟ್ಟಿದ್ದಳು. ಔಷಧ ಮಾತ್ರ, ಬೆಳಕಿಲ್ಲ, ಸದಾ ಕತ್ತಲೆ. ಆ ಗುಂಪಿನಲ್ಲಿ ಗಡ್ಡೆಗಳು ಬೆಳೆಯಬೇಕಿತ್ತು. ಅವೂ ಸಣ್ಣಗಾಗಿದ್ದವು.

"ಏನೂ ಮಾಡದೇ ಇರೋವೂ ಸಣ್ಣಗಾದ್ರೆ, ಎಡಗಡೆ ಗಡ್ಡೇನ ಸೈನ್ಯವೇ ಹೊಡೀತು ಅಂತ ಯಾವ ಬಾಯಲ್ಲಿ ಹೇಳ್ಲಿ? ಔಷಧಾನೇ ವಿಷ ಇರ್ಬೇಕು ಅಂತಾರೆ ಮೇಡಂ. ಆ ಭಾಗಾನೇ ಥೀಸಿಸ್ಸಿಂದ ತೆಗೆದುಬಿಡು ಅಂದ್ರು. ಅದನ್ನ ತೆಗೆದ್ರೆ ಉಳಿಯೋದೇನು ಅಪ್ಪ? ಬೆಳಕು ಬಿಟ್ಟೆ, ಗಡ್ಡೆ ಸುಡ್ತು. ಅದನ್ನ ಬೇರೆಯವರು ಎಷ್ಟೋ ವರ್ಷದ ಹಿಂದೇನೇ ಮಾಡಿದಾರೆ."

"ಇನ್ನೊಂದು ಸಲ ಮಾಡಿ ನೋಡವ್ವ" ಎಂದಳು ಸಿದ್ದಲಿಂಗಮ್ಮ.

"ಯಾಕೆ ಹಿಂಗಾಯ್ತು ಅಂತ ಕಾರಣ ಹೇಳ್ದೆ ಮೇಡಂ ಇನ್ನಷ್ಟು ಇಲಿ ಕೊಡಲ್ಲಮ್ಮ. ಅವೂ ಜೀವಗಳು. ಸುಮ್ಸುಮ್ನೆ ಸಾಯ್ಸೋಕಾಗಲ್ಲ."

ಏನಾದರೂ ಮಾತಾಡಬೇಕೆಂದು ನಾನು ಕೇಳಿದೆ. "ಅದು ಎಂಥ ಬೆಳಕು ಮಗ?"

ಅವಳು ಮೊಬೈಲಿನ ಟಾರ್ಚು ಹಚ್ಚಿ ಅಂಗೈ ಕೆಳಗೆ ಹಿಡಿದಳು. ಬೆರಳುಗಳ ಅಂಚು ಕೆಂಡದ ಹಾಗೆ ಕೆಂಪಾದವು. "ನೋಡು. ಬಿಳಿ ಬೆಳಕಲ್ಲಿ ಎಲ್ಲ ಬಣ್ಣ ಇದ್ರೂ ಮೈ ದಾಟಿ ಬರೋದು ಕೆಂಪು ಮಾತ್ರ. ಅದಕ್ಕೇ ನಮ್ಮ ಔಷಧಾನ ಕೆಂಪು ಬೆಳಕಿಗೇ ಏಳೋ ಹಂಗೆ ಮಾಡಿದಾರೆ."

ನನಗೆ ಆ ಬಲ್ಬು ನೆನಪಾಯಿತು. ಎದ್ದು ಹೋಗಿ ಒಂದು ಚೊಂಬು ನೀರು ಕುಡಿದೆ. ಸಿದ್ದಲಿಂಗಮ್ಮ ಅಡುಗೆಮನೆಗೆ ಹಿಂದೆಯೇ ಬಂದು ನನ್ನ ಮುಖ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನನ್ನು ಹಿಡಿಯಲು ಅವಳಿಗೆ ಪೊಲೀಸರು ಬೇಕಿಲ್ಲ. "ಏನು ಮಾಡಿದ್ದೀರಿ?" ಎಂದಳು. "ಏನಿಲ್ಲ" ಎಂದೆ.

ಬೆಳಿಗ್ಗೆ ಎದ್ದವನೇ ಕೇಂದ್ರಕ್ಕೆ ಓಡಿದೆ. ನಾನು ಹೋದದ್ದು ಒಪ್ಪಿಕೊಳ್ಳಲು ಅಲ್ಲ, ಬಲ್ಬು ಬಿಚ್ಚಿಕೊಂಡು ಬರಲು. ನಾಚಿಕೆಯಾದರೂ ಇದ್ದದ್ದನ್ನು ಹೇಳುತ್ತಿದ್ದೇನೆ. ಬಲ್ಬು ಹೋದರೆ ಮುಂದಿನದೆಲ್ಲ ತಾನಾಗಿಯೇ ಸರಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಜವರಪ್ಪ ಬಾಗಿಲು ತೆಗೆದ. ಅವನಿಗೆ ವಿಷಯ ತಿಳಿಸಿದೆ.

"ದಿನಾ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಹಚ್ತಿದ್ನಲ್ಲಣ್ಣ! ಸಂಘಮಿತ್ರವ್ವ ಒಳಕ್ಕೆ ಬರೋ ಮುಂಚೆ ಕೆಲ್ಸ ಮುಗಿಸಿ ಆರಿಸ್ಬುಡ್ತಿದ್ದೆ. ಬೆಳಕು ಬೇಡ ಅಂದಿದ್ರು. ಕೆಂಪೂ ಒಂದು ಬೆಳಕೇ ಅಂತ ನಾನು ಅನ್ಕಂಡೇ ಇಲ್ಲ."

ಬಲ್ಬು ಬಿಚ್ಚಿ ಕೈಚೀಲದಲ್ಲಿ ಹಾಕಿಕೊಂಡೆ. ಗೇಟಿನವರೆಗೂ ಬಂದೆ. ಅಲ್ಲಿ ಕಾಲು ನಿಂತಿತು. ಮುಂದಿನದು ಎಂಬುದು ಎಲ್ಲಿದೆ? ಕಾರಣ ತಿಳಿಯದೆ ಮೇಡಂ ಇನ್ನೊಂದು ಸಲ ಮಾಡಲು ಬಿಡುವುದಿಲ್ಲ. ಕಾರಣ ನನ್ನ ಚೀಲದಲ್ಲಿದೆ. ನಾನು ಬಾಯಿ ಮುಚ್ಚಿಕೊಂಡರೆ ನನ್ನ ಮಾನ ಉಳಿಯುತ್ತದೆ, ಮಗಳ ಐದು ವರ್ಷ ಹೋಗುತ್ತದೆ. ಕತ್ತಲೆಯ ವಿದ್ಯೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ ನನ್ನ ಮೇಲೆ ನನಗೇ ಅಸಹ್ಯವಾಯಿತು. ತಿರುಗಿ ಒಳಗೆ ಹೋದೆ.

ಸೌಮ್ಯ ಮೇಡಂ ಕೋಣೆಯಲ್ಲಿ ಸಂಘಮಿತ್ರಳೂ ಇದ್ದಳು. ಬಲ್ಬನ್ನು ಮೇಜಿನ ಮೇಲಿಟ್ಟೆ. "ಮೇಡಂ, ಇದು ನಂದು. ಇಲಿ ಕೋಣೇಲಿ ನೇತಾಕಿದ್ದೆ. ಎಷ್ಟೊತ್ತು ಬೇಕಾದ್ರೂ ಹಚ್ಕೊ ಅಂತ ಜವರಪ್ಪನಿಗೆ ಹೇಳಿದೋನೂ ನಾನೇ, ಅವನನ್ನ ಏನೂ ಅನ್ಬೇಡಿ. ನನ್ನ ಮಗಳಿಗೆ ಇದು ಗೊತ್ತಿಲ್ಲ."

ಸಂಘಮಿತ್ರ ಬಲ್ಬನ್ನೇ ನೋಡುತ್ತಿದ್ದಳು. "ಅಪ್ಪ, ನನ್ನನ್ನ ಒಂದು ಮಾತು ಕೇಳಬಾರ್ದಿತ್ತಾ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆಲುದನಿಯನ್ನು ತಡೆಯಲಾಗಲಿಲ್ಲ. ಅಲ್ಲಿಯೇ ನಿಂತು ಅತ್ತುಬಿಟ್ಟೆ, ಅರವತ್ತೆರಡು ವರ್ಷದವನು.

ಮೇಡಂ ನನ್ನನ್ನು ಕೂರಿಸಿದರು. ಬಲ್ಬನ್ನು ಬೆಳಕಿನ ಬಣ್ಣ ಅಳೆಯುವ ಯಂತ್ರದ ಮುಂದೆ ಹಚ್ಚಿಸಿದರು. ಪರದೆಯ ಮೇಲಿನ ಗೆರೆ ಗುಡ್ಡದ ಹಾಗೆ ಎದ್ದಿತು, ಔಷಧ ಏಳುವ ಬಣ್ಣದ ಜಾಗದಲ್ಲಿಯೇ. ಮೇಡಂ ಅದನ್ನು ನೋಡಿ, "ಸಂಘಮಿತ್ರ, ನಿಮ್ಮ ಔಷಧ ವಿಷ ಅಲ್ಲ ಕಣ್ರೀ. ನಿಮ್ಮ ಕತ್ತಲೆ ಕತ್ತಲೆ ಆಗಿರ್ಲಿಲ್ಲ, ಅಷ್ಟೇ" ಎಂದರು. "ಇನ್ನೊಂದೇ ಸಲಕ್ಕೆ ಇಲಿ ಕೊಡಿಸ್ತೀನಿ. ಈ ಸಲ ಜವರಪ್ಪನಿಗೆ ಕಣ್ಣು ಹೇಗೆ ಕೊಡ್ತೀರೋ ಯೋಚನೆ ಮಾಡಿ."

ಮೂರು ದಿನ ಸಂಘಮಿತ್ರ ನನ್ನ ಜೊತೆ ಮಾತಾಡಲಿಲ್ಲ. ನಾನೂ ಎದುರಿಗೆ ಹೋಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಟ್ರಂಕನ್ನು ಮತ್ತೆ ಇಳಿಸಿ ಅಂಗಳದಲ್ಲಿ ಬಿಚ್ಚಿದೆ. ಎಲ್ಲಕ್ಕಿಂತ ಕೆಳಗೆ, ಹಳೆಯ ಪಂಚೆಯಲ್ಲಿ ಸುತ್ತಿದ್ದ ಒಂದು ಗಾಜು ಸಿಕ್ಕಿತು. ಕಡು ಹಸಿರು.

ಕೆಂಪು ನಡೆಯುವುದು ಕಾಗದಕ್ಕೆ. ಫಿಲಮ್ಮಿಗೆ ಕೆಂಪು ತೋರಿಸಿದರೆ ಅದು ಸತ್ತಂತೆಯೇ. ಅದಕ್ಕೆ ಈ ಹಸಿರು ಗಾಜು. ದೀಪಕ್ಕೆ ಇದನ್ನು ಅಡ್ಡ ಇಟ್ಟು, ಮುಖ ಗೋಡೆಗೆ ತಿರುಗಿಸಿ, ಕೆಲವೇ ಸೆಕೆಂಡು ನೋಡಿ ಆರಿಸಬೇಕು. ವರ್ಷಕ್ಕೆ ಒಂದೆರಡು ಸಲ ಬಳಸುತ್ತಿದ್ದ ವಸ್ತು. ದಿನಬಳಕೆಯ ಕೆಂಪೇ ತಲೆಯಲ್ಲಿ ಕೂತು ಇದು ಮರೆತೇಹೋಗಿತ್ತು. ಔಷಧವನ್ನು ಕಾಗದ ಅಂದುಕೊಂಡೆ, ಅದು ಫಿಲಮ್ಮಿನ ಜಾತಿ.

ಗಾಜನ್ನು ಮಗಳ ಮುಂದೆ ಇಟ್ಟೆ. "ಈ ಸಲ ಕೇಳ್ಬುಟ್ಟೇ ಇಡ್ತೀನಿ ಮಗ. ಇದಾಯ್ತದಾ?"

ಅವಳು ಗಾಜನ್ನು ಸೂರ್ಯನಿಗೆ ಹಿಡಿದು ನೋಡಿದಳು, ದುಪಟ್ಟಾದಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಂಡು ಹೋದಳು. ಮಧ್ಯಾಹ್ನ ಅಂಗಡಿಗೆ ಫೋನು ಬಂತು. "ಅಪ್ಪ, ಅಳೆದು ನೋಡ್ದೆ. ಈ ಹಸಿರನ್ನ ಔಷಧ ಮುಟ್ಟೋದೇ ಇಲ್ಲ ಅನ್ನೋವಷ್ಟು ಕಡಿಮೆ. ಬಾ, ಎಲ್ಲಿ ಹಾಕ್ಬೇಕು, ಎಷ್ಟು ಸೆಕೆಂಡು ಹಚ್ಬೇಕು, ಜವರಪ್ಪನಿಗೆ ನೀನೇ ಹೇಳ್ಕೊಡು." ಯಾರದೋ ಅಂಕಪಟ್ಟಿ ಜೆರಾಕ್ಸ್ ಮಾಡುತ್ತಿದ್ದೆ. ಒಂದು ಕಾಪಿ ಕೇಳಿದ್ದವನಿಗೆ ಐದು ಕೊಟ್ಟೆ.

ಎರಡನೆಯ ಸಲ ಔಷಧ ಮಾತ್ರ ಪಡೆದ ಗುಂಪಿನಲ್ಲಿ ಗಡ್ಡೆಗಳು ಬೆಳೆದವು. ಗಡ್ಡೆ ಬೆಳೆಯಿತೆಂದು ಖುಷಿಪಟ್ಟ ಮನೆ ಮೈಸೂರಿನಲ್ಲಿ ನಮ್ಮದೊಂದೇ ಇರಬೇಕು. ಬಲಗಡೆಗೆ ಬೆಳಕು ಬಿಟ್ಟ ಎಂಟು ಇಲಿಗಳಲ್ಲಿ ಆರಕ್ಕೆ ಎಡಗಡೆಯ ಗಡ್ಡೆ ದಿನೇ ದಿನೇ ಸಣ್ಣಗಾಗುತ್ತ ಬಂತು. ಅದರೊಳಗೆ ನೋಡಿದರೆ ಕಾವಲು ಕಣಗಳು ಜಮಾಯಿಸಿದ್ದವು. ಪೂರಾ ವಾಸಿಯಾದ ಮೂರಕ್ಕೆ ತಿಂಗಳ ಮೇಲೆ ಅದೇ ಕ್ಯಾನ್ಸರನ್ನು ಮತ್ತೆ ಚುಚ್ಚಿದರೆ ಬೇರೂರಲೇ ಇಲ್ಲ. ಅವುಗಳ ಮೈ ಕಳ್ಳನ ಫೋಟೋ ಮರೆತಿರಲಿಲ್ಲ. "ಇಲಿಗಾಗಿದ್ದು ಮನುಷ್ಯರಿಗೂ ಆಗತ್ತೆ ಅಂತ ಈಗ್ಲೇ ಹೇಳೋ ಹಂಗಿಲ್ಲ, ಯಾರ ಹತ್ರಾನೂ ಹಂಗನ್ಬೇಡ" ಎಂದು ಸಂಘಮಿತ್ರ ನನಗೆ ಎರಡು ಸಲ ಎಚ್ಚರಿಕೆ ಕೊಟ್ಟಳು. ನನ್ನ ಬಾಯಿಯ ಪರಿಚಯ ಅವಳಿಗಿದೆ.

ಥೀಸಿಸ್ ಬರೆಯುವಾಗ ನಾನು ಅವಳನ್ನು ಒಂದೇ ಕೇಳಿಕೊಂಡೆ. "ಮೊದಲನೇ ಸಲದ್ದು ತಾಂತ್ರಿಕ ದೋಷ ಅಂತ ಬರ್ಕೊ ಮಗ. ಅಪ್ಪನ ದಡ್ಡತನ ಅಂತ ನಾಲ್ಕು ಜನಕ್ಕೆ ಗೊತ್ತಾದ್ರೆ ನಿನಗೇ ಅವಮಾನ." ಅವಳು ತಲೆ ಎತ್ತದೆ ಟೈಪ್ ಮಾಡುತ್ತಲೇ ಇದ್ದಳು.

ಕೊನೆಯ ಮೌಖಿಕ ಪರೀಕ್ಷೆಗೆ ಮನೆಯವರೂ ಹೋಗಿ ಕೂರಬಹುದು. ನಾನು, ಸಿದ್ದಲಿಂಗಮ್ಮ, ಜವರಪ್ಪ ಹಿಂದಿನ ಸಾಲಿನಲ್ಲಿ ಕೂತೆವು. ಸಿದ್ದಲಿಂಗಮ್ಮನ ಮಡಿಲಲ್ಲಿ ಎಲ್ಲರಿಗೂ ಹಂಚಲು ತಂದ ರವೆಉಂಡೆಯ ಡಬ್ಬಿ. ಮಗಳು ಇಂಗ್ಲಿಷಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದಳು. ನನಗೆ ಅರ್ಧ ಅರ್ಥವಾಯಿತು, ಎದೆ ಮಾತ್ರ ಪೂರಾ ತುಂಬಿತು. ಹೊರಗಿನ ಊರಿಂದ ಬಂದಿದ್ದ ಪರೀಕ್ಷಕರು ಕನ್ನಡದವರೇ, ಬಿಗಿ ಮುಖದ ಹಿರಿಯರು. ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ, ಕೊನೆಗೆ ಥೀಸಿಸ್ಸಿನ ಒಂದು ಪುಟ ತೆರೆದು ಕನ್ನಡಕ್ಕೆ ತಿರುಗಿದರು. "ಮೊದಲ ಪ್ರಯೋಗದಲ್ಲಿ ಕೆಂಪು ದೀಪದಿಂದ ಎಲ್ಲ ಕೆಟ್ಟಿತು ಅಂತ ಬರ್ದಿದೀರಿ. ಇದನ್ನ ಬಹಳ ಜನ ಮುಚ್ಚಿಡ್ತಾರೆ. ಯಾರಮ್ಮ ಆ ದೀಪ ಹಾಕಿದ್ದು?"

ನಾನು ತಲೆ ತಗ್ಗಿಸಿದೆ. ಜವರಪ್ಪ ನನ್ನ ಕೈ ಹಿಡಿದುಕೊಂಡ.

"ನಮ್ಮಪ್ಪ ಸರ್" ಎಂದಳು ಸಂಘಮಿತ್ರ, ಇಡೀ ಹಾಲಿಗೆ ಕೇಳುವಂತೆ. "ಡಾರ್ಕ್‌ರೂಮಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವರು. ತಪ್ಪು ಅವರದ್ದು. ಅದನ್ನ ಕಂಡುಹಿಡಿದವರೂ ಅವರೇ, ಯಾರೂ ಕೇಳದೆ ತಾವೇ ಬಂದು ಹೇಳಿದವರೂ ಅವರೇ, ಹಸಿರು ದೀಪದಿಂದ ಸರಿ ಮಾಡಿದವರೂ ಅವರೇ. ಅಲ್ಲಿ ಹಿಂದೆ ಕೂತಿದಾರೆ."

ಹಾಲಿನ ತಲೆಗಳೆಲ್ಲ ತಿರುಗಿದವು. ಸಿದ್ದಲಿಂಗಮ್ಮ ಮೊಣಕೈಯಿಂದ ತಿವಿದಳು, ಎದ್ದು ನಿಂತೆ. ಪರೀಕ್ಷಕರು ಕೇಳಿದರು. "ಒಂದು ಕೋಣೆ ಪೂರಾ ಕತ್ತಲಾಗಿದೆ ಅಂತ ಹೇಗೆ ಗೊತ್ತು ಮಾಡ್ತೀರಿ ನೀವು?"

"ಹತ್ತು ನಿಮಿಷ ಒಳಗೆ ಕೂರ್ಬೇಕು ಸಾರ್" ಎಂದೆ. "ಹೋದ ತಕ್ಷಣ ಕತ್ಲೆ ಅನ್ನೋನು ಕೆಲಸಗಾರ ಅಲ್ಲ. ಕೂತ್ರೆ ತೂತು ಕಾಣ್ತವೆ. ಆಮೇಲೆ, ಎಷ್ಟೇ ಅನುಭವ ಇದ್ರೂ ಒಂದ್ಸಲ ಮಗಳನ್ನ ಕೇಳ್ಬೇಕು ಸಾರ್."

ಹಾಲಿನಲ್ಲಿ ನಗು ಎದ್ದಿತು. ಪರೀಕ್ಷಕರು ನಗಲಿಲ್ಲ. ನನ್ನ ಮಾತನ್ನು ಬರೆದುಕೊಂಡರು. "ನನ್ನ ಪ್ರಶ್ನೆಗಳು ಮುಗಿದವು" ಎಂದು ಪೆನ್ನು ಮುಚ್ಚಿ, "ಡಾಕ್ಟರ್ ಸಂಘಮಿತ್ರ, ಅಭಿನಂದನೆಗಳು" ಎಂದರು.

ರವೆಉಂಡೆ ಹಂಚುವ ಗದ್ದಲದಲ್ಲಿ ಅವಳು ಥೀಸಿಸ್ ತಂದು ನನ್ನ ಕೈಗಿಟ್ಟಳು. ಮೊದಲ ಪುಟಗಳಲ್ಲಿ ಕೃತಜ್ಞತೆ ಎಂದು ಇರುತ್ತದಲ್ಲ, ಅಲ್ಲಿ ಹುಡುಕತೊಡಗಿದೆ. "ಅಲ್ಲಲ್ಲಪ್ಪ" ಎಂದು ಅರವತ್ತೊಂದನೆಯ ಪುಟ ತೆಗೆದಳು. ಕೆಲಸ ಹೇಗೆ ಮಾಡಿದೆವು ಎಂದು ಬರೆಯುವ ಪುಟವಂತೆ ಅದು. ಇಂಗ್ಲಿಷಿನಲ್ಲಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದಳು. "ಕತ್ತಲೆ ಕೋಣೆ ಮತ್ತು ಹಸಿರು ದೀಪದ ವ್ಯವಸ್ಥೆ: ಮರಿಯಯ್ಯ, ಡಾರ್ಕ್‌ರೂಮ್ ತಂತ್ರಜ್ಞ, ಮೈಸೂರು."

ಸಿದ್ದಲಿಂಗಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇವತ್ತು ಹಿಡ್ಕಳಿ ಕೊಡೆ" ಎಂದಳು.

ಮಾರನೆಯ ದಿನ ಅಂಗಡಿಯಲ್ಲಿ ಆ ಪುಟವನ್ನು ಜೆರಾಕ್ಸ್ ಮಾಡಿಕೊಂಡೆ. ಬಿಸಿ ಬಿಸಿ ಹಾಳೆ ಕೈಗೆ ಬಂದಾಗ ಹಳೆಯ ಅಭ್ಯಾಸದಂತೆ ತಿರುಗಿಸಿ ಹಿಂಭಾಗ ನೋಡಿದೆ. ಅಲ್ಲಿ ಯಾರ ಸೀಲೂ ಇರಲಿಲ್ಲ. ಮತ್ತೆ ಈ ಕಡೆಗೆ ತಿರುಗಿಸಿ ನನ್ನ ಹೆಸರನ್ನು ಇನ್ನೊಂದು ಸಲ ಓದಿಕೊಂಡೆ.